ಸಿಮ್ಯುಲೇಷನ್‌ನಲ್ಲಿ ಕ್ಲಾಕ್ ಚೆನ್ನಾಗಿದೆ, ಬೋರ್ಡ್‌ನಲ್ಲಿ ಚಿತ್ರ ಕೆಡುತ್ತಿದೆ. ಕಟಾಫ್ ಫ್ರೀಕ್ವೆನ್ಸಿ ಎಷ್ಟಿಡಬೇಕು?

ಮಾಚೇನಹಳ್ಳಿ_ಬೆಂಚ್
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಬೋರ್ಡ್ ಡಿಸೈನ್ ಮಾಡುತ್ತೇನೆ. ಈಗ ಕೈಯಲ್ಲಿರುವುದು ಅಡಿಕೆ ವಿಂಗಡಿಸುವ ಯಂತ್ರದ ಕ್ಯಾಮೆರಾ ಬೋರ್ಡ್. ಬೆಲ್ಟ್ ಮೇಲೆ ಅಡಿಕೆ ಓಡುತ್ತದೆ, ಮೇಲಿಂದ ಕ್ಯಾಮೆರಾ ನೋಡುತ್ತದೆ, ಯಾವುದು ರಾಶಿ ಯಾವುದು ಬೆಟ್ಟೆ (ಅಡಿಕೆಯ ದರ್ಜೆಗಳು) ಅಂತ ಪ್ರೊಸೆಸರ್ ತೀರ್ಮಾನ ಮಾಡುತ್ತದೆ. ಕ್ಯಾಮೆರಾದಿಂದ ಪ್ರೊಸೆಸರ್‌ಗೆ 8 ಬಿಟ್ ಪ್ಯಾರಲಲ್ ಬಸ್, ಪಿಕ್ಸೆಲ್ ಕ್ಲಾಕ್ 24 ಮೆಗಾಹರ್ಟ್ಸ್, 1.8 ವೋಲ್ಟ್. ನಡುವೆ 20 ಸೆಂಟಿಮೀಟರ್ ಫ್ಲಾಟ್ ಕೇಬಲ್.

ತೊಂದರೆ ಹೀಗಿದೆ. ಆಗಾಗ ಚಿತ್ರದ ಯಾವುದೋ ಒಂದು ಸಾಲಿನಲ್ಲಿ, ಅರ್ಧಕ್ಕೆ ಬಂದಮೇಲೆ ಬಣ್ಣವೆಲ್ಲ ಹಸಿರು-ನೇರಳೆ ಆಗಿಬಿಡುತ್ತದೆ. ಮುಂದಿನ ಸಾಲು ಮತ್ತೆ ಸರಿ. ಬಣ್ಣ ನೋಡಿಯೇ ಅಡಿಕೆ ಬೇರೆ ಮಾಡಬೇಕಲ್ಲ, ಹಾಗಾಗಿ ಇದನ್ನು ಬಿಡುವ ಹಾಗಿಲ್ಲ.

ಕೇಬಲ್ ಮತ್ತು ಟ್ರೇಸ್ (ಬೋರ್ಡ್ ಮೇಲಿನ ತಾಮ್ರದ ಗೆರೆ) ಸೇರಿಸಿ ಎಸ್-ಪ್ಯಾರಾಮೀಟರ್ (ಯಾವ ಫ್ರೀಕ್ವೆನ್ಸಿ ಎಷ್ಟು ದಾಟುತ್ತದೆ, ಎಷ್ಟು ವಾಪಸ್ ಬರುತ್ತದೆ ಅನ್ನುವ ಪಟ್ಟಿ) ತೆಗೆದು ಸಿಮ್ಯುಲೇಷನ್ ಮಾಡಿದೆವು. 120 ಮೆಗಾಹರ್ಟ್ಸ್‌ವರೆಗೆ ಇಟ್ಟಿದ್ದೆವು, ಅದೇ ನಮ್ಮ ಕಟಾಫ್ (ಮಾಡೆಲ್‌ನಲ್ಲಿ ಲೆಕ್ಕಕ್ಕೆ ಬರುವ ಕೊನೆಯ ಫ್ರೀಕ್ವೆನ್ಸಿ). ಒಂದು ಕಾರಣ, ಕ್ಲಾಕ್‌ನ ಐದು ಪಟ್ಟು ಅನ್ನುವ ನಿಯಮ. ಇನ್ನೊಂದು, ಸ್ಕೋಪ್‌ನಲ್ಲಿ ಅಳೆದಾಗ ರೈಸ್ ಟೈಮ್ (ಸಿಗ್ನಲ್ ಕೆಳಗಿನಿಂದ ಮೇಲೇರುವ ಸಮಯ) 3.6 ನ್ಯಾನೋಸೆಕೆಂಡ್ ಬಂತು. 0.35 ಅನ್ನು ಅದರಿಂದ ಭಾಗಿಸಿದರೆ 97 ಮೆಗಾಹರ್ಟ್ಸ್. ಎರಡು ಲೆಕ್ಕವೂ ಹತ್ತಿರ ಹತ್ತಿರ ಬಂದವು. ಸಿಮ್ಯುಲೇಷನ್‌ನಲ್ಲಿ ಕ್ಲಾಕ್ ನುಣ್ಣಗೆ ಬರುತ್ತದೆ, ಒಂದು ಕುಣಿತವೂ ಇಲ್ಲ.

ಜೊತೆಯವರು 20 ಗಿಗಾಹರ್ಟ್ಸ್‌ವರೆಗೆ ಹಾಕಿ ನೋಡೋಣ ಅನ್ನುತ್ತಾರೆ. ಹಾಕಿದರೆ ರಾತ್ರಿಯಿಡೀ ಓಡುತ್ತದೆ. ಮಧ್ಯೆ ಮಳೆ ಹೊಡೆದು ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಯುಪಿಎಸ್ ಅರ್ಧ ಗಂಟೆ ತಡೆದರೆ ಹೆಚ್ಚು. ನಿಜಕ್ಕೂ ಎಷ್ಟಿಟ್ಟರೆ ಸಾಕು?

ಹೊಸನಗರ_ಹೈದ
ಐದು ಪಟ್ಟು ಸಾಕು ಮಾರಾಯ್ರೇ. ಚೌಕ ಅಲೆಯಲ್ಲಿ ಇರುವುದೇ 1, 3, 5, 7ನೇ ಹಾರ್ಮೋನಿಕ್, ಅಂದರೆ ಕ್ಲಾಕ್‌ನ ಅಷ್ಟಷ್ಟು ಪಟ್ಟಿನ ಫ್ರೀಕ್ವೆನ್ಸಿಗಳು. ಐದನೆಯದು ಮೊದಲನೆಯದರ ಐದನೇ ಒಂದು ಭಾಗ, ಆಮೇಲಿನದು ಇನ್ನೂ ಸಣ್ಣದು. ಸಿಮ್ಯುಲೇಷನ್ ಸರಿ ಇದೆ ಅಂದಮೇಲೆ ಫರ್ಮ್‌ವೇರ್ ನೋಡಿ. ಡಿಎಂಎ ಬಫರ್ (ಬಂದ ಡೇಟಾ ಕೂರುವ ತಾತ್ಕಾಲಿಕ ಜಾಗ) ತುಂಬಿ ಹೋಗುತ್ತಿರಬಹುದು.

ಸಾಗರದ_ಸ್ಕೋಪ್
3.6 ನ್ಯಾನೋಸೆಕೆಂಡ್ ಅಳೆದ ಸ್ಕೋಪ್ ಎಷ್ಟು ಮೆಗಾಹರ್ಟ್ಸ್‌ದು?

ತುಂಗಾತೀರ
ಡಿಎಂಎ ಅಲ್ಲ ಅಂತ ನನ್ನ ಅಂದಾಜು. ಬಫರ್ ಕೈಕೊಟ್ಟರೆ ಸಾಲುಗಟ್ಟಲೆ ಡೇಟಾ ಕಾಣೆಯಾಗುತ್ತದೆ. ಇಲ್ಲಿ ಒಂದು ಸಾಲಿನ ನಡುವಿನಿಂದ ಮಾತ್ರ ಬಣ್ಣ ಕೆಡುತ್ತಿದೆ, ಮುಂದಿನ ಸಾಲು ತಾನಾಗಿಯೇ ಸರಿಹೋಗುತ್ತಿದೆ. ಒಂದು ಪಿಕ್ಸೆಲ್‌ಗೆ ಎರಡು ಬೈಟ್ ಬರುವ ಫಾರ್ಮ್ಯಾಟ್ ಅಲ್ವಾ? ಒಂದು ಬೆಳಕಿನದು, ಒಂದು ಬಣ್ಣದ್ದು. ನಡುವೆ ಪ್ರೊಸೆಸರ್ ಒಂದು ಕ್ಲಾಕ್ ಜಾಸ್ತಿ ಎಣಿಸಿಬಿಟ್ಟರೆ ಬೆಳಕಿನ ಬೈಟ್ ಬಣ್ಣದ ಜಾಗಕ್ಕೆ ಹೋಗಿ ಕೂರುತ್ತದೆ. ಸಾಲು ಮುಗಿಯುವವರೆಗೂ ಹಸಿರು-ನೇರಳೆ. ಹೊಸ ಸಾಲಿನ ಸಿಂಕ್ (ಸಾಲು ಶುರು ಅನ್ನುವ ಸಂಕೇತ) ಬಂದಾಗ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ನೀವು ಹೇಳಿದ ಲಕ್ಷಣ ಅದೇ. ಕ್ಲಾಕ್ ಎಡ್ಜ್‌ನಲ್ಲಿ (ಏರುವ-ಇಳಿಯುವ ಅಂಚಿನಲ್ಲಿ) ರಿಂಗಿಂಗ್, ಅಂದರೆ ಕುಣಿತ, ಇದೆ, ಒಂದು ಎಡ್ಜ್ ಎರಡಾಗಿ ಕಾಣುತ್ತಿದೆ.

ಇನ್ನು ಐದು ಪಟ್ಟು ನಿಯಮ. ಅದು ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿ. ಬ್ಯಾಂಡ್‌ವಿಡ್ತ್ ಅಂದರೆ 0.35 ÷ ರೈಸ್ ಟೈಮ್. ರೈಸ್ ಟೈಮ್ ಕ್ಲಾಕ್ ಅವಧಿಯ ಶೇಕಡ 7 ಇರಬಹುದು ಅಂತ ಹಿಡಿದರೆ 0.35 ÷ 0.07, ಅಂದರೆ 5. ನಿಯಮದ ಬುಡದಲ್ಲಿ ಇರುವುದು ಇಷ್ಟೇ. 24 ಮೆಗಾಹರ್ಟ್ಸ್‌ನ ಅವಧಿ 41.7 ನ್ಯಾನೋಸೆಕೆಂಡ್, ಅದರ ಶೇಕಡ 7 ಅಂದರೆ 2.9. ನಿಮ್ಮ ಸೆನ್ಸರ್ ಅಷ್ಟು ನಿಧಾನ ಅಂತ ಯಾರು ಹೇಳಿದರು? ಚಿಪ್‌ಗೆ ನೀವು ಯಾವ ಕ್ಲಾಕ್ ಕೊಟ್ಟಿದ್ದೀರಿ ಅನ್ನುವುದು ಗೊತ್ತಿಲ್ಲ. ಅದರ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಎಷ್ಟು ಬೇಗ ಏರಲು ಆಗುತ್ತದೋ ಅಷ್ಟು ಬೇಗ ಏರುತ್ತದೆ. 24 ಮೆಗಾದಲ್ಲಿ ಓಡಿದರೂ ಅದೇ ಎಡ್ಜ್, 1 ಮೆಗಾದಲ್ಲಿ ಓಡಿದರೂ ಅದೇ ಎಡ್ಜ್.

ಮಾಚೇನಹಳ್ಳಿ_ಬೆಂಚ್
@ಸಾಗರದ_ಸ್ಕೋಪ್ 100 ಮೆಗಾಹರ್ಟ್ಸ್ ಸ್ಕೋಪ್ ಸರ್. ಜೊತೆಗೆ ಬಂದ ಪ್ರೋಬ್, ಮೊಸಳೆ ಕ್ಲಿಪ್ ಇರುವ ಗ್ರೌಂಡ್ ವೈರ್.
@ತುಂಗಾತೀರ ಹೌದು ಮೇಡಂ, ಪಿಕ್ಸೆಲ್‌ಗೆ ಎರಡು ಬೈಟ್.

ಸಾಗರದ_ಸ್ಕೋಪ್
ಅದೇ ಅಂದುಕೊಂಡೆ. 0.35 ಅನ್ನು 100 ಮೆಗಾಹರ್ಟ್ಸ್‌ನಿಂದ ಭಾಗಿಸಿ. 3.5 ನ್ಯಾನೋಸೆಕೆಂಡ್. ಅದು ಸ್ಕೋಪ್‌ನ ಸ್ವಂತ ರೈಸ್ ಟೈಮ್. ಸಿಗ್ನಲ್ ಎಷ್ಟೇ ಚುರುಕಾಗಿರಲಿ, ಆ ಪರದೆಯಲ್ಲಿ 3.5 ಕ್ಕಿಂತ ಕಡಿಮೆ ಕಾಣುವುದೇ ಇಲ್ಲ. ನಿಮಗೆ 3.6 ಬಂದಿದೆ. ಅಂದರೆ ನೀವು ಅಳೆದದ್ದು ಸ್ಕೋಪನ್ನು, ಸಿಗ್ನಲನ್ನಲ್ಲ. ಹತ್ತು ಮಾರು ಹಗ್ಗ ಬಾವಿಗೆ ಬಿಟ್ಟು, ಹಗ್ಗ ಮುಗಿದ ಜಾಗವೇ ತಳ ಅಂದ ಹಾಗಾಯ್ತು. 97 ಮೆಗಾ ಅಂತ ಲೆಕ್ಕ ಬಂದಾಗ ಅದು ಸ್ಕೋಪ್ ಮೇಲೆ ಬರೆದಿರುವ ಸಂಖ್ಯೆಗೇ ಹತ್ತಿರ ಇತ್ತಲ್ಲ, ಅದೇ ಸುಳಿವು.

ಎರಡು ಲೆಕ್ಕವೂ ಹೊಂದಿಕೆಯಾದದ್ದು ಕಾಕತಾಳೀಯ. ಅದನ್ನು ಆಧಾರ ಅಂತ ಹಿಡಿಯಬೇಡಿ.

ಕೊಪ್ಪ_ಕೋಡ್
ಅದನ್ನು ಕಳೆದು ತೆಗೆಯಬಹುದಲ್ಲ? ಅಳೆದದ್ದರ ವರ್ಗದಿಂದ ಸ್ಕೋಪ್‌ನ ವರ್ಗ ಕಳೆದು ವರ್ಗಮೂಲ. 12.96 ರಲ್ಲಿ 12.25 ಹೋದರೆ 0.71, ಮೂಲ 0.84 ನ್ಯಾನೋಸೆಕೆಂಡ್. 0.35 ÷ 0.84 ಅಂದರೆ ಸುಮಾರು 420 ಮೆಗಾಹರ್ಟ್ಸ್. ಉತ್ತರ ಸಿಕ್ಕಿತು.

ಸಾಗರದ_ಸ್ಕೋಪ್
ಸೂತ್ರ ಸರಿ, ಬಳಸಿದ ಜಾಗ ಸರಿಯಿಲ್ಲ. ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸ ಅದು. ಸ್ಕೋಪ್‌ನ ನಿಜವಾದ ರೈಸ್ ಟೈಮ್ 3.5 ರ ಬದಲು 3.4 ಇದ್ದರೆ ಉತ್ತರ 1.18 ಆಗುತ್ತದೆ. 3.58 ಇದ್ದರೆ 0.38. ಕರ್ಸರ್ ಒಂದು ಕೂದಲೆಳೆ ಸರಿದರೂ ಉತ್ತರ ಮೂರು ಪಟ್ಟು ಆಚೀಚೆ. ಪ್ರೋಬ್‌ನ ಪಾಲು ಬೇರೆ ಸೇರಿದೆ. ಸಿಗ್ನಲ್ ಸ್ಕೋಪ್‌ಗಿಂತ ನಿಧಾನ ಇದ್ದಾಗ ಮಾತ್ರ ಈ ಕಳೆಯುವ ಲೆಕ್ಕವನ್ನು ನಂಬಬಹುದು. ಸ್ಕೋಪನ್ನು ಬಿಡಿ, ಸೆನ್ಸರ್‌ನ ಐಬಿಸ್ ಮಾಡೆಲ್ (ಚಿಪ್‌ನ ಪಿನ್‌ಗಳ ನಡವಳಿಕೆ ಹೇಳುವ ಫೈಲ್) ತೆಗೆಯಿರಿ. ಅದರಲ್ಲಿ ರ‍್ಯಾಂಪ್ ಅಂತ ಒಂದು ಭಾಗ ಇರುತ್ತದೆ, ಎಡ್ಜ್ ಎಷ್ಟು ಬೇಗ ಏರುತ್ತದೆ ಅಂತ ಅದು ಹೇಳುತ್ತದೆ.

ರೇಡಿಯೋ_ರಿಪೇರಿ
ಐದರಾಚೆ ಏನಿಲ್ಲ ಅನ್ನುವವರಿಗೆ ಒಂದು ಅನುಭವ ಹೇಳುತ್ತೇನೆ. ತೀರ್ಥಹಳ್ಳಿ ಕಡೆ ಒಂದು ಮನೆಯವರು ಅಡಿಕೆ ಸುಲಿಯುವ ಯಂತ್ರಕ್ಕೆ ಹೊಸ ಮೋಟಾರ್ ಕಂಟ್ರೋಲರ್ ಹಾಕಿಸಿದ್ದರು. ಅದನ್ನು ಆನ್ ಮಾಡಿದ ಕೂಡಲೇ ಅಜ್ಜಯ್ಯನ ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ ಮೇಲೆ ಕುಂಯ್ ಅಂತ ಸಿಳ್ಳೆ. ರೇಡಿಯೋ ಕೆಟ್ಟಿದೆ ಅಂತ ನನ್ನ ಹತ್ತಿರ ತಂದರು. ಅಂಗಡಿಯಲ್ಲಿ ಹಾಕಿದರೆ ಸ್ವಚ್ಛವಾಗಿ ಹಾಡುತ್ತದೆ. ಮನೆಗೆ ಹೋಗಿ ನೋಡಿದೆ. ಕಂಟ್ರೋಲರ್ 15 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತದೆ. ಭದ್ರಾವತಿ ಮೀಡಿಯಂ ವೇವ್ 675 ಕಿಲೋಹರ್ಟ್ಸ್. ಭಾಗಿಸಿ ನೋಡಿ, 45ನೇ ಹಾರ್ಮೋನಿಕ್! ಲೆಕ್ಕಕ್ಕೆ ಇಲ್ಲ ಅಂದುಕೊಂಡದ್ದು ಕಿವಿಗೆ ಕೇಳುತ್ತಿತ್ತು.

ಹೊಸನಗರ_ಹೈದ
@ರೇಡಿಯೋ_ರಿಪೇರಿ ರೇಡಿಯೋ ಮೈಕ್ರೋವೋಲ್ಟ್ ಹಿಡಿಯುವ ಸಾಧನ. ಲಾಜಿಕ್ ಪಿನ್‌ಗೆ ಮೈಕ್ರೋವೋಲ್ಟ್ ಲೆಕ್ಕಕ್ಕಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಹಾಗಿಲ್ಲ.

ರೇಡಿಯೋ_ರಿಪೇರಿ
ಅದು ಒಪ್ಪುವ ಮಾತೇ. ಆದರೆ ಹಾರ್ಮೋನಿಕ್ ಎಲ್ಲಿವರೆಗೆ ಹೋಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಎಡ್ಜ್. ಅಲ್ಲಿ ಕೂಡ ಅದೇ ಕಥೆ.

ಕೊಪ್ಪ_ಕೋಡ್
ಹಾಗಾದರೆ ಗೇಟ್ ರೆಸಿಸ್ಟರ್ ಹೆಚ್ಚಿಸಿ ಎಡ್ಜ್ ನಿಧಾನ ಮಾಡಿದ್ದರೆ ರೇಡಿಯೋ ಸರಿಹೋಗುತ್ತಿತ್ತು?

ತುಂಗಾತೀರ
ಇಲ್ಲ, ಇಲ್ಲೇ ಲೆಕ್ಕ ಬೇಕಾಗುವುದು. ಇಳಿಜಾರು ಎಡ್ಜ್ ಇರುವ ಅಲೆಯ ಹಾರ್ಮೋನಿಕ್‌ಗಳು 1 ÷ (ಪೈ × ರೈಸ್ ಟೈಮ್) ವರೆಗೆ ಮೆಲ್ಲಗೆ ಇಳಿಯುತ್ತವೆ, ಹತ್ತು ಪಟ್ಟು ಫ್ರೀಕ್ವೆನ್ಸಿಗೆ 20 ಡೆಸಿಬಲ್. ಅದರಾಚೆ ದುಪ್ಪಟ್ಟು ಬೇಗ, 40 ಡೆಸಿಬಲ್. ಮೋಟಾರ್ ಸ್ವಿಚ್‌ನ ಎಡ್ಜ್ 50 ನ್ಯಾನೋಸೆಕೆಂಡ್ ಅಂತ ಹಿಡಿಯಿರಿ. ಆ ತಿರುವು ಬರುವುದು 6.4 ಮೆಗಾಹರ್ಟ್ಸ್‌ಗೆ. 200 ನ್ಯಾನೋಸೆಕೆಂಡ್‌ಗೆ ನಿಧಾನ ಮಾಡಿದರೂ 1.6 ಮೆಗಾ. 675 ಕಿಲೋಹರ್ಟ್ಸ್ ಎರಡಕ್ಕೂ ಕೆಳಗೇ ಇದೆ, ಅದಕ್ಕೆ ಏನೂ ತಟ್ಟುವುದಿಲ್ಲ. ಟ್ರಾನ್ಸಿಸ್ಟರ್ ಮಾತ್ರ ಬಿಸಿಯಾಗುತ್ತದೆ.

ರೇಡಿಯೋ_ರಿಪೇರಿ
ಸರಿಯಾಗಿ ಹೇಳಿದಿರಿ ಅಕ್ಕ. ನಾನು ಮಾಡಿದ್ದು ಮೋಟಾರ್ ವೈರ್ ಗಿಡ್ಡ ಮಾಡಿ, ಎರಡನ್ನೂ ಹೆಣೆದು, ಫೆರೈಟ್ ಕೋರ್ ಹಾಕಿದ್ದು. ಸಿಳ್ಳೆ ಹೋಯಿತು.

ತೋಟದ_ಮನೆ
ಮಳೆಗಾಲದಲ್ಲಿ ಮಾತ್ರ ಹೀಗಾಗುತ್ತಿದೆಯಾ ಅಂತ ನೋಡಿದ್ದೀರಾ? ಎಫ್‌ಆರ್-4 (ಬೋರ್ಡ್ ಮಾಡುವ ಗಾಜಿನ ನಾರಿನ ಹಾಳೆ) ನೀರು ಹೀರುತ್ತದೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಹತ್ತಿರ, ಬೋರ್ಡ್‌ದು 4 ಚಿಲ್ಲರೆ. ಚೂರು ನೀರು ಸೇರಿದರೂ ಇಂಪೀಡೆನ್ಸ್ (ಸಿಗ್ನಲ್‌ಗೆ ಸಿಗುವ ಅಡೆತಡೆ) ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಜುಲೈನಲ್ಲಿ ನಮ್ಮ ಮನೆಯಲ್ಲಿ ಪುಸ್ತಕದ ರಟ್ಟಿನ ಮೇಲೂ ಬೂಷ್ಟು. ಬೋರ್ಡ್ ಒಣಗಿರುತ್ತದೆಯಾ?

ಸಾಗರದ_ಸ್ಕೋಪ್
ಹತ್ತಾರು ಗಿಗಾಹರ್ಟ್ಸ್‌ನಲ್ಲಿ, ಉದ್ದನೆಯ ಟ್ರೇಸ್‌ನಲ್ಲಿ ಅದು ದೊಡ್ಡ ವಿಷಯ. ನಷ್ಟ ಹೆಚ್ಚಾಗುತ್ತದೆ. ಇಲ್ಲಿ ಬಸ್ಸಿನ ಉದ್ದ ಒಂದು ಗೇಣು, ಫ್ರೀಕ್ವೆನ್ಸಿ 1 ಗಿಗಾದ ಒಳಗೆ. ತೇವದಿಂದ ಬರುವ ವ್ಯತ್ಯಾಸ ಬೋರ್ಡ್ ತಯಾರಿಕೆಯ ವ್ಯತ್ಯಾಸದಲ್ಲೇ ಮುಳುಗಿಹೋಗುತ್ತದೆ. ಮಲೆನಾಡಿನಲ್ಲಿ ನೀವು ಹೆದರಬೇಕಾದ್ದು ಕೇಬಲ್ ಕನೆಕ್ಟರ್‌ನ ಕಾಂಟ್ಯಾಕ್ಟ್‌ಗೆ. ಅಲ್ಲಿ ಕಿಲುಬು ಹಿಡಿದರೆ ಯಾವ ಸಿಮ್ಯುಲೇಷನ್ನೂ ಹೇಳುವುದಿಲ್ಲ. ಚಿನ್ನದ ಲೇಪ ಇರುವ ಕನೆಕ್ಟರ್ ಹಾಕಿ.

ಮಾಚೇನಹಳ್ಳಿ_ಬೆಂಚ್
ಎಸಿ ರೂಮಿನಲ್ಲಿ ಇಟ್ಟರೂ ಆಗುತ್ತದೆ, ಬೇಸಿಗೆಯಲ್ಲೂ ಆಗುತ್ತಿತ್ತು. ಮಳೆ ಕಾರಣ ಅಲ್ಲ. ಐಬಿಸ್ ಫೈಲ್ ಸಿಕ್ಕಿತು. ರ‍್ಯಾಂಪ್‌ನಲ್ಲಿ ಮೂರು ಕಾಲಂ ಇವೆ. ಮೊದಲನೆಯದರಲ್ಲಿ 1.08 ವೋಲ್ಟ್‌ಗೆ 0.6 ನ್ಯಾನೋಸೆಕೆಂಡ್. ವೇಗದ ಕಾಲಂನಲ್ಲಿ 0.4. ಯಾವುದನ್ನು ಹಿಡಿಯಬೇಕು? 1.8 ವೋಲ್ಟ್ ಸಿಗ್ನಲ್‌ಗೆ 1.08 ಯಾಕೆ?

ತುಂಗಾತೀರ
ರ‍್ಯಾಂಪ್ ಕೊಡುವುದು ಶೇಕಡ 20 ರಿಂದ 80 ರ ನಡುವಿನ ಏರಿಕೆ. 1.8 ರ ಶೇಕಡ 60 ಅಂದರೆ 1.08, ಅಲ್ಲಿಗೆ ಸರಿ ಆಯಿತು. ಹಾಗಾಗಿ ಇದಕ್ಕೆ 0.35 ಬಳಸಬೇಡಿ. 0.35 ಇರುವುದು 10 ರಿಂದ 90 ಅಳತೆಗೆ. 20 ರಿಂದ 80 ಕ್ಕೆ 0.22. ಈ ಎರಡನ್ನು ಕಲಸಿಬಿಡುವುದು ತುಂಬಾ ಸಾಮಾನ್ಯ, ಒಂದೂವರೆ ಪಟ್ಟು ವ್ಯತ್ಯಾಸ ಬರುತ್ತದೆ.

ಹಿಡಿಯಬೇಕಾದ್ದು ವೇಗದ ಕಾಲಂ. ನಿಮ್ಮ ಮೇಜಿನ ಮೇಲಿರುವ ಬೋರ್ಡ್ ಸಾಧಾರಣ ಇರಬಹುದು, ನಾಳೆ ಬರುವ ರೀಲ್‌ನಲ್ಲಿ ವೇಗದ ಚಿಪ್ ಇರಬಹುದು. 0.22 ÷ 0.4 ಅಂದರೆ 550 ಮೆಗಾಹರ್ಟ್ಸ್. ಇದು 3 ಡೆಸಿಬಲ್ ಇಳಿಯುವ ಜಾಗ ಅಷ್ಟೇ, ಸಿಗ್ನಲ್ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಲೆಕ್ಕ ಇದೆ, 0.5 ÷ ರೈಸ್ ಟೈಮ್, ಮೊಣಕಾಲು ಫ್ರೀಕ್ವೆನ್ಸಿ ಅನ್ನುತ್ತಾರೆ. 0.4 ಅನ್ನು 10-90 ಕ್ಕೆ ಹಿಗ್ಗಿಸಿದರೆ ಸುಮಾರು 0.53, ಮೊಣಕಾಲು 940 ಮೆಗಾ. 1 ಗಿಗಾ ಅಂತಲೇ ಇಟ್ಟುಕೊಳ್ಳಿ. ಮಾಡೆಲ್ ಅದರ ಎರಡು ಪಟ್ಟು, 2 ಗಿಗಾಹರ್ಟ್ಸ್‌ವರೆಗೆ ಇರಲಿ.

ಗಿಗಾ_ಗಡಿ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? 20 ಗಿಗಾ ಹಾಕಿ ಮುಗಿಸಿ. ನಾವು ಪಿಸಿಐಇ (ಕಂಪ್ಯೂಟರ್ ಒಳಗಿನ ಅತಿವೇಗದ ಸಂಪರ್ಕ) ನಾಲ್ಕನೇ ತಲೆಮಾರಿಗೆ, ಸೆಕೆಂಡಿಗೆ 16 ಗಿಗಾ ವರ್ಗಾವಣೆಗೆ, 30 ಗಿಗಾ ದಾಟಿಯೇ ಎಸ್-ಪ್ಯಾರಾಮೀಟರ್ ತೆಗೆಯುತ್ತೇವೆ. ಜಾಸ್ತಿ ಇದ್ದರೆ ನಷ್ಟ ಏನು?

ತೋಟದ_ಮನೆ
ನಷ್ಟ ಏನು ಅಂತ ನಮ್ಮೂರಿಗೆ ಬಂದು ಕೇಳಿ. ನಾನು ಹೊಸನಗರದ ಹತ್ತಿರ ಮನೆಯಿಂದಲೇ ಕೆಲಸ ಮಾಡುವವಳು. ಗಾಳಿಗೆ ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ಸಂಜೆವರೆಗೂ ಕರೆಂಟ್ ಇಲ್ಲ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಉತ್ಪಾದನೆ. 1964 ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಊರು ಬಿಟ್ಟು ಬಂದ ಮನೆಗಳಲ್ಲಿ ನಮ್ಮ ಅಜ್ಜಿಯ ತವರೂ ಒಂದು. ಆ ನೀರಿನ ಪಕ್ಕದ ಊರುಗಳಲ್ಲೇ ದೀಪ ಮೊದಲು ಹೋಗುವುದು ನೋಡಿದರೆ ಸಂಕಟ ಆಗುತ್ತದೆ. ಇಲ್ಲಿ ಒಂದೊಂದು ಗಂಟೆ ಸಿಮ್ಯುಲೇಷನ್‌ಗೂ ಬೆಲೆ ಇದೆ.

ಹೊಸನಗರ_ಹೈದ
ನೂರಕ್ಕೆ ನೂರು ನಿಜ. ನಮ್ಮ ಕಡೆಯೂ ಅದೇ ಗೋಳು.

ನಿರ್ವಾಹಕ
ಕರೆಂಟಿನ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಕಟಾಫ್.

ಸಾಗರದ_ಸ್ಕೋಪ್
@ಗಿಗಾ_ಗಡಿ ನಿಮ್ಮ ಕೆಲಸಕ್ಕೆ ಅದು ಬೇಕು. 16 ಗಿಗಾಕ್ಕೆ ನೈಕ್ವಿಸ್ಟ್ (ಆ ವೇಗದ ಅರ್ಧ) 8 ಗಿಗಾ, ಅದರ ನಾಲ್ಕು ಪಟ್ಟು ಇಡುತ್ತಿದ್ದೀರಿ. ಇಲ್ಲಿ ಬೇಡ. 20 ಗಿಗಾದಲ್ಲಿ ಎಫ್‌ಆರ್-4 ಒಳಗೆ ತರಂಗದ ಉದ್ದ ಸುಮಾರು 7 ಮಿಲಿಮೀಟರ್. ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ತುಂಡು ಮಾಡುವ ಬಲೆ) ಅದರ ಹತ್ತನೇ ಒಂದು ಭಾಗ ಅಂದರೆ 0.7. 2 ಗಿಗಾದಲ್ಲಿ 7 ಮಿಲಿಮೀಟರ್ ಸಾಕು. ಮೂರು ದಿಕ್ಕಿಗೂ ಹತ್ತು ಪಟ್ಟು, ಒಟ್ಟು ಸಾವಿರ ಪಟ್ಟು.

ಗಿಗಾ_ಗಡಿ
ಸಾವಿರ ಪಟ್ಟು ಅಂತ ಹೆದರಿಸಬೇಡಿ. ಟ್ರೇಸ್ ಅಗಲವೇ 0.15 ಮಿಲಿಮೀಟರ್. ಯಾವ ಫ್ರೀಕ್ವೆನ್ಸಿ ಇಟ್ಟರೂ ಟ್ರೇಸ್ ಸುತ್ತ ಮೆಶ್ ಸಣ್ಣದಾಗಿಯೇ ಇರಬೇಕು. ಹೆಚ್ಚುವುದು ಸುತ್ತಲಿನ ಖಾಲಿ ಜಾಗದ ಮೆಶ್ ಮಾತ್ರ. ಫ್ರೀಕ್ವೆನ್ಸಿ ಬಿಂದುಗಳನ್ನೂ ಟೂಲ್ ತಾನೇ ಆರಿಸಿಕೊಳ್ಳುತ್ತದೆ, ಒಂದೊಂದನ್ನೂ ಲೆಕ್ಕ ಹಾಕುವುದಿಲ್ಲ.

ಸಾಗರದ_ಸ್ಕೋಪ್
ಅದು ನ್ಯಾಯವಾದ ಮಾತು, ಸಾವಿರ ಅನ್ನುವುದು ಮೇಲಿನ ಮಿತಿ. ಆದರೂ ಅವರಿಗೆ ರಾತ್ರಿಯಿಡೀ ಓಡುತ್ತಿದೆಯಲ್ಲ. 20 ಸೆಂಟಿಮೀಟರ್ ಕೇಬಲ್ ಪೂರ್ತಿ ಮೂರು ಆಯಾಮದಲ್ಲಿ ಹಾಕಿರಬೇಕು. ಅದರ ಅಗತ್ಯವೇ ಇಲ್ಲ. ಕೇಬಲ್ ಉದ್ದಕ್ಕೂ ಒಂದೇ ತರ. ಅಡ್ಡಕೊಯ್ತವನ್ನು ಎರಡು ಆಯಾಮದ ಸಾಲ್ವರ್‌ಗೆ ಕೊಟ್ಟರೆ ನಿಮಿಷದಲ್ಲಿ ಇಂಪೀಡೆನ್ಸ್, ವಿಳಂಬ, ನಷ್ಟ ಎಲ್ಲ ಬರುತ್ತದೆ. ಟ್ರೇಸ್‌ಗೂ ಹಾಗೆಯೇ. ಮೂರು ಆಯಾಮ ಬೇಕಾದ್ದು ಕನೆಕ್ಟರ್‌ಗೆ ಮಾತ್ರ, ಅದೂ ಈ ವೇಗದಲ್ಲಿ ಬೇಕೇ ಬೇಕು ಅಂತಿಲ್ಲ. ಯುಪಿಎಸ್ ಮುಗಿಯುವುದರೊಳಗೆ ಎಲ್ಲ ಆಗಿಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ ಯಾರೂ ಎತ್ತಲಿಲ್ಲ. ಎಡ್ಜ್ ಒಂದೇ ಅಲ್ಲ, ಕೇಬಲನ್ನೂ ಕೇಳಬೇಕು. 20 ಸೆಂಟಿಮೀಟರ್ ಫ್ಲಾಟ್ ಕೇಬಲ್‌ನಲ್ಲಿ ಒಂದು ಕಡೆಯ ಪಯಣ ಸುಮಾರು 1 ನ್ಯಾನೋಸೆಕೆಂಡ್. ಸೆನ್ಸರ್ ಕಡೆ ಇಂಪೀಡೆನ್ಸ್ ಕಡಿಮೆ, ಪ್ರೊಸೆಸರ್ ಕಡೆ ಬಹಳ ಹೆಚ್ಚು. ಅಂಥ ಕೇಬಲ್ ಕುಣಿಯುವುದು ವಿಳಂಬದ ನಾಲ್ಕು ಪಟ್ಟಿನ ಅವಧಿಯಲ್ಲಿ. 4 ನ್ಯಾನೋಸೆಕೆಂಡ್, ಅಂದರೆ 250 ಮೆಗಾಹರ್ಟ್ಸ್. ಆ ಕುಣಿತವೇ ಕ್ಲಾಕನ್ನು ಎರಡೆರಡು ಸಲ ಎಣಿಸುತ್ತಿರುವುದು. ಮಾಡೆಲನ್ನು 120 ಕ್ಕೆ ಕತ್ತರಿಸಿದರೆ ಆ 250 ಮಾಡೆಲ್ ಒಳಗೇ ಇಲ್ಲ. ಇಲ್ಲದ್ದು ಕಾಣುವುದಾದರೂ ಹೇಗೆ? 3.6 ನ್ಯಾನೋಸೆಕೆಂಡ್ ಎಡ್ಜ್ ಕೊಟ್ಟರೂ ಕಾಣುವುದು ಕಷ್ಟ. ಸಿಗ್ನಲ್ ಹೋಗಿ ವಾಪಸ್ ಬರಲು 2 ನ್ಯಾನೋಸೆಕೆಂಡ್, ಅಷ್ಟರಲ್ಲಿ ಎಡ್ಜ್ ಇನ್ನೂ ಏರುತ್ತಲೇ ಇರುತ್ತದೆ, ಪ್ರತಿಫಲನ ಅದರಲ್ಲೇ ಕರಗಿಹೋಗುತ್ತದೆ. ನಿಜವಾದ ಎಡ್ಜ್ ಅರ್ಧ ನ್ಯಾನೋಸೆಕೆಂಡಿನಲ್ಲಿ ಏರಿ ಮುಗಿದಿರುತ್ತದೆ.

ಫೈನಲ್_ಇಯರ್
ಒಂದು ಸಂದೇಹ ಸರ್. ಫಿಲ್ಟರ್‌ನಲ್ಲಿ ಕಟಾಫ್ ಆಚೆ ಸಿಗ್ನಲ್ ನಿಧಾನವಾಗಿ ಕಡಿಮೆಯಾಗುತ್ತದೆ. ಇಲ್ಲಿಯೂ ಹಾಗೆಯೇ ಅಲ್ವಾ? 120 ರಾಚೆ ಸ್ವಲ್ಪವಾದರೂ ಇರಬೇಕಲ್ಲ?

ತುಂಗಾತೀರ
ಇಲ್ಲ ಪುಟ್ಟ, ಇಲ್ಲಿ ಡೇಟಾ ಅಲ್ಲಿಗೆ ಮುಗಿಯಿತು. ಆಚೆ ಏನಿದೆ ಅಂತ ಸಿಮ್ಯುಲೇಟರ್ ಊಹೆ ಮಾಡುತ್ತದೆ. ಕೆಲವು ಟೂಲ್ ಕೊನೆಯ ಬಿಂದುವನ್ನೇ ಮುಂದುವರಿಸುತ್ತವೆ, ಕೆಲವು ಸೊನ್ನೆ ಮಾಡುತ್ತವೆ, ಕೆಲವು ಒಂದು ಸೂತ್ರ ಹೊಂದಿಸುತ್ತವೆ. ಫಟ್ ಅಂತ ಸೊನ್ನೆ ಮಾಡಿದರೆ ಇನ್ನೊಂದು ತಾಪತ್ರಯ. ಎಡ್ಜ್‌ನ ಎರಡೂ ಬದಿಗೆ ಅಲೆಗಳು ಏಳುತ್ತವೆ. ಕೆಲವೊಮ್ಮೆ ಸಿಗ್ನಲ್ ಕೇಬಲ್‌ನ ಆ ತುದಿ ಮುಟ್ಟುವ ಮೊದಲೇ ಅಲ್ಲಿ ಅಲೆ ಕಾಣುತ್ತದೆ. ಕಾರಣಕ್ಕಿಂತ ಮೊದಲು ಪರಿಣಾಮ! ಅದು ಕಂಡರೆ ಮಾಡೆಲ್ ನಂಬಬೇಡ. ಡ್ರೈವರ್ ಎಬ್ಬಿಸುವ ಶಕ್ತಿ ಪೂರ್ತಿ ಇಳಿದುಹೋದ ಜಾಗದಲ್ಲಿ ಡೇಟಾ ಮುಗಿದರೆ ಊಹೆ ತಪ್ಪಿದರೂ ಪರವಾಗಿಲ್ಲ. ಎಡ್ಜ್ ನೋಡಿ ಕಟಾಫ್ ಇಡುವುದು ಅದಕ್ಕೇ.

ಕೊಪ್ಪ_ಕೋಡ್
ಎರಡು ಪಟ್ಟು, ನಾಲ್ಕು ಪಟ್ಟು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತೀರಿ. ಸಾಕಷ್ಟಾಯಿತು ಅಂತ ಗೊತ್ತಾಗುವುದು ಹೇಗೆ?

ಸಾಗರದ_ಸ್ಕೋಪ್
ದುಪ್ಪಟ್ಟು ಮಾಡಿ ನೋಡುವುದು. 1 ಗಿಗಾದಲ್ಲಿ ಒಂದು, 2 ಗಿಗಾದಲ್ಲಿ ಒಂದು, ಎರಡು ವೇವ್‌ಫಾರ್ಮ್ ಒಂದರ ಮೇಲೊಂದು ಇಡಿ. ಥ್ರೆಶೋಲ್ಡ್ (0 ಮತ್ತು 1ರ ನಡುವಿನ ಗಡಿ ವೋಲ್ಟೇಜ್) ಹತ್ತಿರ ವ್ಯತ್ಯಾಸ ಇಲ್ಲ ಅಂದರೆ 1 ಸಾಕಿತ್ತು. ಇದ್ದರೆ 4 ಕ್ಕೆ ಹೋಗಿ. ಬೇರೆ ಯಾವ ನಿಯಮಕ್ಕಿಂತ ಇದನ್ನು ನಾನು ನಂಬುತ್ತೇನೆ. ನಿಯಮಗಳು ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತವೆ, ಎಲ್ಲಿ ನಿಲ್ಲಿಸಬೇಕು ಅಂತ ಅಲ್ಲ.

ಗಿಗಾ_ಗಡಿ
ಇದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ನಾವೂ ಸೈನ್-ಆಫ್ (ಡಿಸೈನ್‌ಗೆ ಕೊನೆಯ ಒಪ್ಪಿಗೆ) ಮುಂಚೆ ಹಾಗೆಯೇ ಮಾಡುವುದು.

ತೋಟದ_ಮನೆ
ಮೇಲಿನ ತುದಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೆಳಗಿನ ತುದಿ? ನನಗೆ ಒಬ್ಬ ಸರಬರಾಜುದಾರರು ಕೊಟ್ಟ ಕನೆಕ್ಟರ್‌ನ ಟಚ್‌ಸ್ಟೋನ್ ಫೈಲ್ (ಎಸ್-ಪ್ಯಾರಾಮೀಟರ್ ಇರುವ ಫೈಲ್) 10 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ. ಸಿಮ್ಯುಲೇಷನ್‌ನಲ್ಲಿ ಹೈ ಲೆವೆಲ್ 1.8 ಕ್ಕೆ ಬಂದು ನಿಲ್ಲುವುದಿಲ್ಲ, ಮೆಲ್ಲಗೆ ತೇಲುತ್ತದೆ.

ತುಂಗಾತೀರ
ಡಿಸಿ ಬಿಂದು ಇಲ್ಲದ ಫೈಲ್ ಅದು. ಸೊನ್ನೆಯಲ್ಲಿ ಏನಿದೆ ಅಂತ ಟೂಲ್ ಊಹಿಸುತ್ತಿದೆ, ಊಹೆ ತಪ್ಪಿದರೆ ಲೆವೆಲ್ ತೇಲುತ್ತದೆ. ಕನೆಕ್ಟರ್‌ಗೆ ಡಿಸಿ ರೆಸಿಸ್ಟೆನ್ಸ್ ಮಿಲಿಓಮ್‌ಗಳಲ್ಲಿ ಡೇಟಾಶೀಟ್‌ನಲ್ಲಿ ಇರುತ್ತದೆ. ಅದರಿಂದ ಸೊನ್ನೆ ಹರ್ಟ್ಸ್‌ನ ಸಾಲನ್ನು ನೀವೇ ಸೇರಿಸಬಹುದು. ಹೊಸದಾಗಿ ಕೇಳುವುದಾದರೆ ಡಿಸಿಯಿಂದಲೇ ಕೊಡಿ ಅಂತ ಕೇಳಿ.

ಹಾಗೆಯೇ ಹೆಜ್ಜೆ, ಅಂದರೆ ಫೈಲ್‌ನಲ್ಲಿ ಎರಡು ಫ್ರೀಕ್ವೆನ್ಸಿ ಬಿಂದುಗಳ ನಡುವಿನ ಅಂತರ, ನೋಡಿ. 1 ÷ ಹೆಜ್ಜೆ ಅಂದರೆ ನಿಮಗೆ ಸಿಗುವ ಸಮಯದ ಕಿಟಕಿ. 10 ಮೆಗಾಹರ್ಟ್ಸ್ ಹೆಜ್ಜೆಗೆ 100 ನ್ಯಾನೋಸೆಕೆಂಡ್. ಪ್ರತಿಫಲನಗಳೆಲ್ಲ ಅಷ್ಟರೊಳಗೆ ಸಾಯಬೇಕು. ಸಾಯದಿದ್ದರೆ ಬಾಲ ಸುತ್ತಿ ಬಂದು ತಲೆಗೆ ಸೇರಿಕೊಳ್ಳುತ್ತದೆ. ಒಂದು ಕನೆಕ್ಟರ್‌ಗೆ 10 ಧಾರಾಳ ಸಾಕು. ಮೀಟರ್‌ಗಟ್ಟಲೆ ಕೇಬಲ್‌ಗೆ ಸಾಲದು.

ಮಾಚೇನಹಳ್ಳಿ_ಬೆಂಚ್
ಎಲ್ಲರಿಗೂ ದೊಡ್ಡ ನಮಸ್ಕಾರ. ಸಾಗರದ ಸರ್ ಹೇಳಿದ ಹಾಗೆ ಕೇಬಲ್‌ಗೆ ಎರಡು ಆಯಾಮದ ಮಾಡೆಲ್ ಮಾಡಿ, ಐಬಿಸ್‌ನ ವೇಗದ ಕಾಲಂ ಹಾಕಿ, 2 ಗಿಗಾಹರ್ಟ್ಸ್‌ವರೆಗೆ ಇಟ್ಟೆವು. ಟೀ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಪ್ರೊಸೆಸರ್ ಪಿನ್‌ನಲ್ಲಿ ಕ್ಲಾಕ್ 1.8 ದಾಟಿ ಮೇಲಕ್ಕೆ ಹೋಗಿ, ವಾಪಸ್ ಬಿದ್ದು, ಥ್ರೆಶೋಲ್ಡ್ ಹತ್ತಿರ ಒಂದು ಕೊಂಕು ತೋರಿಸುತ್ತದೆ. ಕುಣಿತದ ಅವಧಿ 4 ನ್ಯಾನೋಸೆಕೆಂಡಿಗೆ ಸ್ವಲ್ಪ ಮೇಲೆ. ಬೋರ್ಡ್‌ನ ಟ್ರೇಸ್ ವಿಳಂಬವೂ ಸೇರಿದೆಯಲ್ಲ, ಅದಕ್ಕಿರಬೇಕು. 4 ಗಿಗಾಕ್ಕೆ ಏರಿಸಿ ನೋಡಿದೆವು, ಗೆರೆ ಒಂದರ ಮೇಲೊಂದು ಕೂತಿತು. 1 ಗಿಗಾದಲ್ಲಿ ಕೊಂಕಿನ ಆಳ ಸ್ವಲ್ಪ ಬೇರೆ ಬಂತು.

ಆಮೇಲೆ ಸೆನ್ಸರ್‌ನ ರಿಜಿಸ್ಟರ್‌ನಲ್ಲಿ ಡ್ರೈವ್ ಸಾಮರ್ಥ್ಯ ಒಂದು ಮೆಟ್ಟಿಲು ಇಳಿಸಿ, ಕ್ಲಾಕ್ ಪಿನ್ ಪಕ್ಕದಲ್ಲಿ 33 ಓಮ್ ಸರಣಿ ರೆಸಿಸ್ಟರ್ ಹಾಕಿದೆವು. ಹಸಿರು-ನೇರಳೆ ಸಾಲು ಈಗ ಬರುತ್ತಿಲ್ಲ. ಬೆಲ್ಟ್ ಓಡುತ್ತಿದೆ.

ಹೊಸನಗರ_ಹೈದ
7% ಲೆಕ್ಕ ನಾನು ಕೂತು ಮಾಡಿ ನೋಡಿದೆ. ಎಡ್ಜ್ ಗೊತ್ತಿಲ್ಲದಾಗ ಐದು ಪಟ್ಟು ಒಂದು ಅಂದಾಜು, ಗೊತ್ತಿದ್ದರೆ ಅದು ಬೇಡ. ಆದರೆ ಹಳೆಯ ನಿಧಾನದ ಲಾಜಿಕ್ ಚಿಪ್ ಇರುವ ಬೋರ್ಡ್‌ಗೆ ಈಗಲೂ ನಡೆಯುತ್ತದೆ ಅಂತ ನನ್ನ ವಾದ.

ತುಂಗಾತೀರ
ನಡೆಯುತ್ತದೆ, ಆ ಚಿಪ್ ಈಗಲೂ ಅಷ್ಟೇ ನಿಧಾನ ಇದ್ದರೆ. ಅದೇ ಪಾರ್ಟ್ ನಂಬರ್, ಹೊಸ ಫ್ಯಾಬ್, ಎಡ್ಜ್ ಚುರುಕು. ಬೋರ್ಡ್ ಬದಲಾಗಿಲ್ಲ, ಕ್ಲಾಕ್ ಬದಲಾಗಿಲ್ಲ, ಹೊಸ ಲಾಟ್ ಬಂದಮೇಲೆ ಕೆಡುತ್ತಿದೆ ಅಂತ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನೇ.

ತೋಟದ_ಮನೆ
ವಿಷಯದಾಚೆಯ ಪ್ರಶ್ನೆ, ಕ್ಷಮೆ ಇರಲಿ. ಯಂತ್ರ ಗೊರಬಲು ಮತ್ತು ಬೆಟ್ಟೆ ಬೇರೆ ಮಾಡುತ್ತದೆಯಾ? ನಮ್ಮ ಮನೆಯಲ್ಲಿ ಅಮ್ಮ ಮುಟ್ಟಿ ನೋಡಿಯೇ ಹೇಳುತ್ತಾರೆ, ಬಣ್ಣ ಆಮೇಲೆ.

ಮಾಚೇನಹಳ್ಳಿ_ಬೆಂಚ್
ಸರಕು, ಗೊರಬಲು ಸಾಕಷ್ಟು ಬೇರೆಯಾಗುತ್ತವೆ. ರಾಶಿ-ಬೆಟ್ಟೆ ನಡುವೆ ಗೊಂದಲ ಇದೆ. ಅಮ್ಮನ ಕೈಗೆ ಸಿಗುವ ತೂಕ, ಗಡಸುತನ ಕ್ಯಾಮೆರಾಗೆ ಸಿಗುವುದಿಲ್ಲ. ಸಾಗರದ ಚಾಲಿ ಅಡಿಕೆಗೆ ಇನ್ನೂ ಹಾಕಿ ನೋಡಿಲ್ಲ.

ಇನ್ನೊಂದು ಕೇಳಬೇಕು. ಇದೇ ಬೋರ್ಡ್‌ನಲ್ಲಿ ಡಿಡಿಆರ್3 ಮೆಮೊರಿ ಇದೆ, 800 ರ ವೇಗ, ಕ್ಲಾಕ್ 400 ಮೆಗಾಹರ್ಟ್ಸ್. ಅದಕ್ಕೂ 2 ಗಿಗಾ ಮಾಡೆಲ್ ಸಾಕಾ?

ಸಾಗರದ_ಸ್ಕೋಪ್
ಅದರ ಐಬಿಸ್ ತೆಗೆದು ರ‍್ಯಾಂಪ್ ನೋಡಿ. ಮೆಮೊರಿ ಕಡೆಯದೊಂದು, ಪ್ರೊಸೆಸರ್ ಕಡೆಯದೊಂದು. ಎರಡರಲ್ಲಿ ಚುರುಕಾದದ್ದು ಹಿಡಿಯಿರಿ, ಬರೆಯುವಾಗ ಒಂದು ಓಡಿಸುತ್ತದೆ, ಓದುವಾಗ ಇನ್ನೊಂದು. ಖಂಡಿತ 2 ಕ್ಕಿಂತ ಮೇಲೆ ಹೋಗುತ್ತದೆ. 5 ರಿಂದ ಶುರು ಮಾಡಿ 10 ಹಾಕಿ ಹೋಲಿಸಿ.

ಫೈನಲ್_ಇಯರ್
ಕೇಬಲ್‌ನಲ್ಲಿ ಕ್ಲಾಕ್ ಪಕ್ಕದ ಪಿನ್ ಯಾವುದು ಸರ್? ಸಿಂಕ್ ಇದ್ದರೆ ಕ್ರಾಸ್‌ಟಾಕ್ (ಒಂದು ತಂತಿಯ ಸಿಗ್ನಲ್ ಪಕ್ಕದ್ದಕ್ಕೆ ಸೋರುವುದು) ಬರುವುದಿಲ್ಲವಾ?

ಮಾಚೇನಹಳ್ಳಿ_ಬೆಂಚ್
ಒಂದು ಬದಿಗೆ ಗ್ರೌಂಡ್, ಇನ್ನೊಂದು ಬದಿಗೆ ಸಾಲಿನ ಸಿಂಕ್. ಮುಂದಿನ ಬೋರ್ಡ್‌ನಲ್ಲಿ ಎರಡೂ ಬದಿಗೆ ಗ್ರೌಂಡ್ ಕೊಡುತ್ತೇನೆ. ಎರಡು ಪಿನ್ ಖಾಲಿ ಇವೆ.